ಗದ್ದೆ ಏಡಿಗೆ ಅಕ್ಕಿ ರೊಟ್ಟಿಯ ಜೊತೆ

ಅಮೆರಿಕದ ಮೇನ್ ರಾಜ್ಯದವರು ಲಾಬ್‌ಸ್ಟರ್ ಮಾಂಸವನ್ನು ಮಯೊನೇಸ್‌ನಲ್ಲಿ ಕಲಸಿ ಬನ್ನಿಗೆ ತುಂಬುತ್ತಾರೆ, ಕನೆಕ್ಟಿಕಟ್‌ನವರು ಬಿಸಿ ಬೆಣ್ಣೆ ಹಾಕುತ್ತಾರೆ. ಕಡಲಿಲ್ಲದ ಕೊಡಗಿನಲ್ಲಿ ನಮಗೆ ಗದ್ದೆ ಏಡಿ ಇದೆ, ಅಕ್ಕಿ ರೊಟ್ಟಿ ಇದೆ. ಕೊಡವರು ಞಂಡ್ ಎನ್ನುವ ಈ ಏಡಿಯ ಕಾಲ ಕಕ್ಕಡ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಾಟಿ ಮುಗಿಸಿ ನೆನೆದು ಬಂದವರಿಗೆ ಏಡಿ ಸಾರಿನಷ್ಟು ಹಿತವಾದದ್ದು ಇನ್ನೊಂದಿಲ್ಲ. ಅದೇ ಏಡಿಯ ಮಾಂಸ ಬಿಡಿಸಿ ರೊಟ್ಟಿಯಲ್ಲಿ ಸುತ್ತಿ ಕೊಟ್ಟರೆ ಮಕ್ಕಳೂ ತಕರಾರಿಲ್ಲದೆ ತಿನ್ನುತ್ತಾರೆ. ಮಾಡುತ್ತ ಮಾಡುತ್ತ ತಿಳಿದದ್ದು ಇಷ್ಟು:

1. ಓಡಾಡುವ ಏಡಿಯನ್ನೇ ತನ್ನಿ. ಸತ್ತದ್ದು ಬೇಗ ಕೆಡುತ್ತದೆ. ಜೀವಂತ ಏಡಿಯನ್ನು ಕುದಿನೀರಿಗೆ ಹಾಕಿದರೆ ಕಾಲು ಕಳಚಿಕೊಂಡು ಒಳಗೆ ನೀರು ಹೊಗುತ್ತದೆ. ಮೊದಲು ಐಸ್ ನೀರಿನಲ್ಲಿಟ್ಟರೆ ಮರಗಟ್ಟುತ್ತದೆ, ಕೈಗೂ ಕಚ್ಚುವುದಿಲ್ಲ.

2. ಹೊಟ್ಟೆಯ ಕೆಳಗಿನ ಮಡಿಕೆ ಕಿತ್ತು, ಬೆನ್ನಿನ ಚಿಪ್ಪು ಎತ್ತಿ. ಎರಡೂ ಪಕ್ಕದ ಬೂದುಬಣ್ಣದ ಕಿವಿರನ್ನು ಪೂರ್ತಿ ತೆಗೆಯಿರಿ. ಕೆಸರೆಲ್ಲ ಕೂತಿರುವುದು ಅಲ್ಲೇ.

3. ಅರೆಬೆಂದದ್ದು ಬೇಡವೇ ಬೇಡ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಹತ್ತುವ ಹುಳುವಿನ ಮರಿಗಳಿರಬಹುದು. ಅದರಿಂದ ಬರುವ ರಕ್ತದ ಕೆಮ್ಮನ್ನು ಕ್ಷಯವೆಂದು ತಪ್ಪು ತಿಳಿಯುವುದೂ ಉಂಟು. ನಾನು ಕನಿಷ್ಠ 15 ನಿಮಿಷ ಕುದಿಸುತ್ತೇನೆ. ಹಸಿ ಏಡಿ ಮುಟ್ಟಿದ ಚಾಕು, ಹಲಗೆ, ಕೈ ಮೂರನ್ನೂ ಸೋಪು ಹಾಕಿ ತೊಳೆಯಬೇಕು.

4. ರೊಟ್ಟಿಗೆ ಕೊಂಡಿಯ ಮತ್ತು ಎದೆಯ ಮಾಂಸ ಸಾಕು. ಸಣ್ಣ ಕಾಲುಗಳನ್ನು ಒರಳಲ್ಲಿ ಜಜ್ಜಿ, ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ ಸಾರಿಗೆ ಕುದಿಯಲು ಇಡಿ. ಬಿಡಿಸಿದ ಮಾಂಸವನ್ನು ಬಿಳಿ ತಟ್ಟೆಯ ಮೇಲೆ ಹರಡಿ ಬೆರಳಾಡಿಸಿದರೆ ಚಿಪ್ಪಿನ ಚೂರು ಸಿಕ್ಕಿಬೀಳುತ್ತದೆ.

5. ಮಸಾಲೆಯಲ್ಲಿ ಕೈ ಬಿಗಿ ಇರಲಿ. ಪಂದಿ ಕರಿಗೆ ಹುರಿಯುವಷ್ಟು ಕಪ್ಪಗೆ ಕೊತ್ತಂಬರಿ, ಜೀರಿಗೆ ಹುರಿದು ಹಾಕಿದರೆ ಏಡಿಯ ಸಿಹಿ ಸತ್ತೇಹೋಗುತ್ತದೆ. ತುಪ್ಪದಲ್ಲಿ ಜಜ್ಜಿದ ಸಾಂಬಾರ್ ಈರುಳ್ಳಿ, ಒಂದೆರಡು ಸೂಜಿ ಮೆಣಸು, ಚಿಟಿಕೆ ಅರಿಸಿನ ಬಾಡಿಸಿ, ಮಾಂಸ ಹಾಕಿ, ಮೇಲೆ ತೋಟದ ಕಾಳುಮೆಣಸು ಕುಟ್ಟಿ ಉದುರಿಸಿ. ಹುಳಿಗೆ ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣು ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗೆ ಮಂದವಾಗುವ ತನಕ ಕುದಿಸಿದ್ದು ಅದು, ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಬಟ್ಟಲು ಮಾಂಸಕ್ಕೆ ಕಾಲು ಚಮಚ, ಅದೂ ಒಲೆ ಆರಿಸಿದ ಮೇಲೆ. ನಿಂಬೆಹಣ್ಣು ಇದರ ಜಾಗ ತುಂಬದು: ಕಾಚಂಪುಳಿಯ ಹುಳಿಯಲ್ಲಿ ಹೊಗೆಯಂಥದೊಂದು ಗಾಢತೆ ಇದೆ, ತುಪ್ಪದ ಜಿಡ್ಡಿಗೆ ಅದೇ ಸರಿ.

6. ರೊಟ್ಟಿ ಬಿರಿದರೆ ಸುತ್ತಲು ಬಾರದು. ಮೆತ್ತಗೆ ಬೆಂದ ಅನ್ನವನ್ನು ಬಿಸಿಯಿರುವಾಗಲೇ ಮಸೆದು, ಹಿಡಿಯುವಷ್ಟು ಅಕ್ಕಿಹಿಟ್ಟು, ಉಪ್ಪು ಸೇರಿಸಿ ಚೆನ್ನಾಗಿ ನಾದಿ. ಕಾವಲಿಯಲ್ಲಿ ಎರಡೂ ಮಗ್ಗುಲು ಬೇಯಿಸಿ, ಕೆಂಡದ ಮೇಲೆ ಉಬ್ಬಿಸಿ, ಕಂದು ಚುಕ್ಕೆ ಏಳುವ ಮೊದಲೇ ತೆಗೆದು ಬಟ್ಟೆಯಲ್ಲಿ ಮುಚ್ಚಿಡಿ. ಸುತ್ತಿದ ಕೂಡಲೇ ತಿನ್ನಬೇಕು. ಆರಿದ ಅಕ್ಕಿ ರೊಟ್ಟಿ ಬಗ್ಗುವುದಿಲ್ಲ.

7. ಕೀಟನಾಶಕ ಹೊಡೆದ ಗದ್ದೆಯ ಏಡಿ ಬೇಡ. ಯಾರ ಗದ್ದೆ, ಯಾವಾಗ ಏನು ಸಿಂಪಡಿಸಿದ್ದಾರೆ ಎಂದು ಕೇಳಿಯೇ ಹಿಡಿಯಿರಿ. ಇನ್ನು ಹೆಣ್ಣು ಏಡಿ: ಹೊಟ್ಟೆಯ ಮಡಿಕೆ ಅಗಲವಾಗಿರುತ್ತದೆ, ಗಂಡಿಗೆ ಕಿರಿದು. ಗದ್ದೆ ಏಡಿಯ ಮರಿಗಳು ಕಡಲಿನವುಗಳಂತೆ ನೀರಲ್ಲಿ ತೇಲಿ ಬೆಳೆಯುವುದಿಲ್ಲ. ಪುಟ್ಟ ಏಡಿಗಳಾಗಿಯೇ ಮೊಟ್ಟೆಯೊಡೆದು ತಾಯಿಯ ಮಡಿಕೆಯೊಳಗೆ ಕೆಲಕಾಲ ಅಂಟಿಕೊಂಡಿರುತ್ತವೆ. ಒಂದು ತಾಯಿಯನ್ನು ಹಿಡಿದರೆ ಆ ಸಂಸಾರವೇ ಹೋಯಿತು. ನಾಟಿ ನಿಂತು ಪಾಳುಬೀಳುತ್ತಿರುವ ಗದ್ದೆಗಳ ನಡುವೆ ಏಡಿಗೆ ಈಗಲೇ ಜಾಗ ಕಡಿಮೆ. ಬುಟ್ಟಿಗೆ ಹಾಕುವ ಮುನ್ನ ಒಮ್ಮೆ ಮಗುಚಿ ನೋಡಿ, ಮೊಟ್ಟೆ ಅಥವಾ ಮರಿ ಕಂಡರೆ ಹಿಡಿದ ಬದುವಿನಲ್ಲೇ ಬಿಟ್ಟುಬಿಡಿ.