ಸ್ಪಿತಿಗೆ ಸೈಕಲ್ ಏರುವ ಮುನ್ನ ಹನ್ನೆರಡು ಸೂತ್ರ

ಶಿಮ್ಲಾದಿಂದ ಕಿನ್ನೌರ್ ಹಾದು ಸ್ಪಿತಿಗೆ, ಅಲ್ಲಿಂದ ಕುಂಜುಮ್ ಪಾಸ್ ಹತ್ತಿಳಿದು ಮನಾಲಿಗೆ. ಈ ಸುತ್ತನ್ನು ಜೀಪಿನಲ್ಲಿ ಮುಗಿಸಿದವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಹಿಂದೊಂದು ವಾಹನವಿಲ್ಲದೆ, ಡೇರೆ, ಒಲೆ, ರಿಪೇರಿ ಸಾಮಾನನ್ನೆಲ್ಲ ಮೌಂಟನ್ ಬೈಕಿಗೇ ಕಟ್ಟಿಕೊಂಡು ಹೋಗುವ ಲೆಕ್ಕವೇ ಬೇರೆ. ಅಲ್ಲಿ ಕಾಲಿನ ಶಕ್ತಿ ಸಾಲದೆ ಸೋಲುವವರಿಗಿಂತ ದಿನ ಸಾಲದೆ ಸೋಲುವವರೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಮಾತುಗಳೆಲ್ಲ ಅದರ ಸುತ್ತಲೇ ಇವೆ.

1. ಕಿನ್ನೌರ್ ಕಡೆಯಿಂದಲೇ ಒಳಹೊಗಿ. ಮನಾಲಿ ಕಡೆಯ ದಾರಿ ಹತ್ತಿರದ್ದು, ನಿಜ. ಆದರೆ 2,000 ಮೀಟರ್ ಎತ್ತರದ ಊರಿನಿಂದ ಹೊರಟವರು ಎರಡು ಮೂರು ದಿನದಲ್ಲೇ 4,000 ಮೀಟರಿನ ಆಸುಪಾಸಿನಲ್ಲಿ ಮಲಗಬೇಕಾಗುತ್ತದೆ. ಸಟ್ಲೆಜ್ ದಂಡೆಯ ದಾರಿ ದೇಹಕ್ಕೆ ಸಮಯ ಕೊಡುತ್ತದೆ. ರಾಂಪುರದಲ್ಲಿ ಸುಮಾರು 1,000 ಮೀಟರ್, ಕಲ್ಪಾದಲ್ಲಿ 3,000ಕ್ಕೆ ತುಸು ಕಡಿಮೆ, ನಾಕೋದಲ್ಲಿ 3,600ರ ಹತ್ತಿರ, ಮತ್ತೆ ತಾಬೋಗೆ ಇಳಿದು, ಅಲ್ಲಿಂದ ಕಾಜಾಗೆ ಮೆಲ್ಲನೆ ಏರು. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ತಾಬೋ ವಿಹಾರದಲ್ಲಿ ಅರ್ಧ ದಿನ ಸುಮ್ಮನೆ ಕೂರುವುದೂ ಈ ಸವಾರಿಯ ಸಿದ್ಧತೆಯ ಭಾಗವೇ.

2. ಸೆಪ್ಟೆಂಬರ್ ಆರಿಸಿಕೊಳ್ಳಿ. ಸ್ಪಿತಿ ಮಳೆನೆರಳಿನ ನಾಡು. ಆದರೆ ಅಲ್ಲಿಗೆ ಹೋಗುವ ಕಿನ್ನೌರಿನ ರಸ್ತೆಯ ಮೇಲೆ ಜುಲೈ, ಆಗಸ್ಟಿನಲ್ಲಿ ಗುಡ್ಡ ಜಾರುತ್ತದೆ. ಸೆಪ್ಟೆಂಬರಿಗೆ ಹಳ್ಳಗಳು ಇಳಿದಿರುತ್ತವೆ, ಆಕಾಶ ತಿಳಿಯಾಗಿರುತ್ತದೆ. ರಾತ್ರಿಯ ಚಳಿ ಮಾತ್ರ ಶೂನ್ಯದ ಕೆಳಗೆ ಹೋಗಬಹುದು. ಅದಕ್ಕೆ ತಕ್ಕ ಸ್ಲೀಪಿಂಗ್ ಬ್ಯಾಗ್ ಇರಲಿ.

3. ಖಾಲಿ ದಿನಗಳನ್ನು ಮೊದಲು ಕಟ್ಟಿಕೊಳ್ಳಿ. ಹತ್ತು ದಿನ ಸೈಕಲ್ ತುಳಿಯುವ ಯೋಜನೆಯಿದ್ದರೆ ರಜೆ ಹದಿನಾಲ್ಕು ದಿನ ಹಾಕಿ. ರಸ್ತೆ ಕುಸಿದರೆ ಒಂದು ದಿನ, ತಲೆನೋವಿಗೆ ಒಂದು, ಮುರಿದ ಬಿಡಿಭಾಗಕ್ಕೆ ಒಂದು, ಏನೂ ಆಗದಿದ್ದರೆ ಚಂದ್ರತಾಲ್ ಸರೋವರಕ್ಕೆ ಒಂದು. ವಾಪಸಿನ ವಿಮಾನದ ಟಿಕೆಟ್ ಜೇಬಿನಲ್ಲಿ ಕೂತು ಅವಸರ ಮಾಡುವಾಗ, ಬುದ್ಧಿವಂತರೂ ತಲೆನೋವು ಮುಚ್ಚಿಟ್ಟುಕೊಂಡು ಮೇಲಕ್ಕೆ ಹತ್ತುತ್ತಾರೆ. ಅಪಾಯ ಶುರುವಾಗುವುದು ಅಲ್ಲೇ.

4. ಎತ್ತರದ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಮೇಲೇರದಿರಲಿ. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಊರಿನಲ್ಲಿ ಇನ್ನೊಂದು ರಾತ್ರಿ ಕಳೆಯಿರಿ. ಕಾಜಾದಲ್ಲಿ ಎರಡು ರಾತ್ರಿ ಉಳಿದು, ನಡುವಿನ ಹಗಲು ಹಿಕ್ಕಿಮ್ ತನಕ ಹತ್ತಿ ಇಳಿಯಿರಿ. ಸುಮಾರು 4,400 ಮೀಟರ್ ಎತ್ತರದ ಅಲ್ಲಿನ ಪುಟ್ಟ ಅಂಚೆ ಕಚೇರಿಯಿಂದ ಮನೆಗೊಂದು ಕಾರ್ಡ್ ಹಾಕಿ ಬನ್ನಿ. ಎತ್ತರ ಮುಟ್ಟಿ ಕೆಳಗೆ ಮಲಗುವುದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆಯಿಲ್ಲ. ಕುಂಜುಮ್ 4,500 ಮೀಟರಿಗೂ ಮೇಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ. ಡೈಮಾಕ್ಸ್ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧದ ಅಲರ್ಜಿ ಇದ್ದರೆ ಮೊದಲೇ ಹೇಳಿ.

5. ತಾಲೀಮು ಊರಲ್ಲೇ, ಸಾಮಾನು ಹೊತ್ತೇ. ನಂದಿಬೆಟ್ಟ 1,478 ಮೀಟರ್. ಅದನ್ನು ನೂರು ಸಲ ಹತ್ತಿದರೂ ಹಿಮಾಲಯದ ಗಾಳಿ ಅಭ್ಯಾಸವಾಗದು, ಆದರೆ ಕಾಲು, ಸೊಂಟ, ಕೂರುವ ಜಾಗ ಗಟ್ಟಿಯಾಗುತ್ತವೆ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಕಡೆಯ ಏರುಗಳಲ್ಲಿ ಪೂರ್ತಿ ಸಾಮಾನು ಕಟ್ಟಿ ಸತತ ಮೂರು ದಿನ ತುಳಿಯಿರಿ. ರಾತ್ರಿ ಹೋಮ್‌ಸ್ಟೇ ಅಂಗಳದಲ್ಲಿ, ಮನೆಯವರನ್ನು ಕೇಳಿ, ಡೇರೆ ಹಾಕಿ ನಿಮ್ಮ ಒಲೆಯಲ್ಲೇ ಬೇಯಿಸಿ. ಕಿರುಗುಟ್ಟುವ ಬ್ಯಾಗು, ಉಜ್ಜುವ ಪಟ್ಟಿ, ಬೇಡದ ಬಟ್ಟೆ ಎಲ್ಲವೂ ಅಲ್ಲೇ ಬಯಲಾಗುತ್ತವೆ.

6. ಸೈಕಲ್ಲಿನ ಪೆಟ್ಟಿಗೆಯಲ್ಲಿ ಡಿರೇಲರ್ ಹ್ಯಾಂಗರ್ ಇರಲೇಬೇಕು. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಈ ಚಿಕ್ಕ ಅಲ್ಯೂಮಿನಿಯಂ ತುಂಡು, ಸೈಕಲ್ ಬಿದ್ದಾಗ ಫ್ರೇಮನ್ನು ಉಳಿಸಿ ತಾನು ಬಾಗಲಿ ಎಂದೇ ಮಾಡಿದ್ದು. ಮಾದರಿಗೊಂದು ಆಕಾರ ಇರುವುದರಿಂದ ಕಾಜಾದಲ್ಲಿ ನಿಮ್ಮದು ಸಿಗುವ ಭರವಸೆಯಿಲ್ಲ. ಎರಡು ಇಟ್ಟುಕೊಳ್ಳಿ. ಜೊತೆಗೆ ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್, ಚೈನ್ ಕಳಚುವ ಸಾಧನ, ಅಳತೆಗೆ ಸರಿಯಾದ ನಾಲ್ಕಾರು ಕಡ್ಡಿ, ಗೇರ್ ಕೇಬಲ್, ಝಿಪ್ ಟೈ, ಗಟ್ಟಿ ಟೇಪ್ ಬೇಕು. ಬ್ರೇಕಿಗೆ ಸಿಂಟರ್ಡ್ ಲೋಹದ ಪ್ಯಾಡ್ ಹಾಕಿಸಿ. ಹಿಮನದಿಯ ಮರಳು ಬೆರೆತ ನೀರಿನಲ್ಲಿ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ. ಟೈರ್ ಟ್ಯೂಬ್‌ಲೆಸ್ ಆಗಿದ್ದರೂ ಎರಡು ಟ್ಯೂಬ್ ಬೇಕು. ಟೈರಿನ ಪಕ್ಕೆ ಸೀಳಿದರೆ ಒಳಗಿಡಲು ಹಳೇ ಟೈರಿನದೊಂದು ತುಂಡೂ ಬೇಕು. ಇವನ್ನೆಲ್ಲ ಹೊರುವುದಷ್ಟೇ ಅಲ್ಲ, ಮನೆಯಲ್ಲಿ ಒಮ್ಮೆ ಕತ್ತಲಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ, ಕೈಯಾರೆ ಬದಲಿಸಿ ನೋಡಿ.

7. ಬೋಲ್ಟುಗಳಿಗೆ ದಿನಕ್ಕೊಮ್ಮೆ ಕೀಲಿ. ಕಲ್ಲುದಾರಿಯ ಅದುರಿಗೆ ಎಲ್ಲವೂ ಸಡಿಲವಾಗುತ್ತವೆ. ಕ್ಯಾರಿಯರ್ ಬದಲು ಹ್ಯಾಂಡಲ್, ಫ್ರೇಮ್, ಸೀಟಿಗೆ ಬಿಗಿಯುವ ಮೆತ್ತನೆ ಬ್ಯಾಗು ಉತ್ತಮ. ಭಾರದ್ದು ಫ್ರೇಮಿನೊಳಗೆ, ಕೆಳಗೆ.

8. ಅನ್ನದ ಆಸೆ ಕೆಳಗೇ ಬಿಡಿ. 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಅಕ್ಕಿ ಬೇಯುವುದರೊಳಗೆ ಇಂಧನ ಮುಗಿದಿರುತ್ತದೆ. ನಮ್ಮ ಅಡುಗೆಮನೆ ಇಂಥದ್ದಕ್ಕೆ ಸಿದ್ಧವಾಗಿಯೇ ಇದೆ: ಹುರಿಹಿಟ್ಟು, ಪುಡಿ ಕಲಸಿದ ಗೊಜ್ಜವಲಕ್ಕಿ, ತಂಬಿಟ್ಟು, ಕಡಲೆಕಾಯಿ ಚಿಕ್ಕಿ. ಅವಲಕ್ಕಿಗೆ ನೆನೆಯುವಷ್ಟು ನೀರು ಸಾಕು. ನೂರು ಗ್ರಾಂ ಕಡಲೆಬೀಜದಲ್ಲಿ 550ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆದ್ದರಿಂದ ಗಡಿಯಾರ ನೋಡಿ ತಿನ್ನಿ. ಧಾಬಾ ಸಿಕ್ಕಲ್ಲಿ ಬಿಸಿ ರೋಟಿ, ದಾಲ್ ಬಿಡಬೇಡಿ. ಕೈಯಲ್ಲಿ ನಗದು ಇರಲಿ.

9. ನೀರಿನ ಶೋಧಕವನ್ನು ಮಗುವಿನಂತೆ ಪಕ್ಕದಲ್ಲಿ ಮಲಗಿಸಿಕೊಳ್ಳಿ. ಟೊಳ್ಳು ನೂಲಿನ ಶೋಧಕದೊಳಗೆ ಉಳಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ಒಳಗಿನ ನೂಲು ಬಿರಿಯುತ್ತದೆ. ಹೊರಗಿನಿಂದ ಅದು ತಿಳಿಯುವುದೇ ಇಲ್ಲ. ಹಿಮನದಿಯ ಬೂದು ನೀರನ್ನು ಪಾತ್ರೆಯಲ್ಲಿಟ್ಟು ತಿಳಿಯಾದ ಮೇಲೆಯೇ ಸೋಸಿ. ಕ್ಲೋರಿನ್ ಮಾತ್ರೆ ಎರಡನೇ ದಾರಿಯಾಗಿ ಜೊತೆಗಿರಲಿ.

10. ಹಳ್ಳಗಳನ್ನು ಬೆಳಗಿನಲ್ಲೇ ದಾಟಿ. ಕುಂಜುಮ್ ಇಳಿದಾಗ ಸಿಗುವ ಬಾತಲ್‌ನಿಂದ ಮನಾಲಿ ಕಡೆಯ ಗ್ರಾಂಫೂ ತನಕ ಸುಮಾರು 50 ಕಿಲೋಮೀಟರ್. ಛತ್ರು ದಾಟಿ ಸಾಗುವ ಈ ಕಲ್ಲುದಾರಿಗೆ ಅಡ್ಡಲಾಗಿ ಹಳ್ಳಗಳು ಹರಿಯುತ್ತವೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಮೊಣಕಾಲಿಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ತೊಡೆಗೆ ಬರಬಹುದು. ಲೋಸರ್‌ನಿಂದ ಹೊರಟು ಕುಂಜುಮ್ ಇಳಿದವರು ಅದೇ ದಿನ ಮುಂದೆ ಹೋಗುವ ಆಸೆಪಡಬಾರದು. ಬಾತಲ್‌ನಲ್ಲಿ ಮಲಗಿ, ನಸುಕಿನಲ್ಲಿ ಹೊರಡಿ. ನೀರಿಗಿಳಿಯುವಾಗ ಸೈಕಲ್ಲನ್ನು ಹರಿವಿನ ಕೆಳಬದಿಗೆ ಹಿಡಿಯಿರಿ. ಮೇಲ್ಬದಿಗಿದ್ದರೆ ನೀರು ಅದನ್ನು ನಿಮ್ಮ ಕಾಲಿಗೇ ತಳ್ಳುತ್ತದೆ. ಒಣ ಸಾಕ್ಸ್ ಒಂದು ಜೊತೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೈಗೆ ಸಿಗುವ ಕಡೆ ಇರಲಿ.

11. ಉಪಗ್ರಹ ಸಾಧನ ತರಬೇಡಿ. ಬೇರೆ ದೇಶಗಳ ಸವಾರರು ನಂಬುವ ಸ್ಯಾಟಲೈಟ್ ಫೋನ್, ಉಪಗ್ರಹ ಮೆಸೆಂಜರುಗಳನ್ನು ಸರ್ಕಾರದ ಅನುಮತಿಯಿಲ್ಲದೆ ಭಾರತದಲ್ಲಿ ಬಳಸುವುದು ಅಪರಾಧ. ವಿದೇಶದಲ್ಲಿರುವ ಕನ್ನಡಿಗರು ರಜೆಗೆ ಬರುವಾಗ ಇದನ್ನು ನೆನಪಿಡಬೇಕು. ನೆಟ್‌ವರ್ಕ್ ಇಲ್ಲದ ಉದ್ದದ ಹಾದಿ ಇಲ್ಲಿದೆ. ಆದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಯಾವ ದಿನ ಎಲ್ಲಿ ಮಲಗುತ್ತೀರಿ, ಎಷ್ಟು ಹೊತ್ತು ಸುದ್ದಿಯಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮನೆಯವರಿಗೆ ಬರೆದುಕೊಡಿ. ವಿಮಾನದ ನಿಯಮವೂ ಒಂದಿದೆ: ಪವರ್ ಬ್ಯಾಂಕ್ ಕೈಚೀಲದಲ್ಲೇ ಹೋಗಬೇಕು, ಒಲೆಯ ಗ್ಯಾಸ್ ಡಬ್ಬಿ ಎಲ್ಲಿಯೂ ಹೋಗುವಂತಿಲ್ಲ. ಪೆಟ್ರೋಲಿನಲ್ಲಿ ಉರಿಯುವ ಒಲೆ ತಂದರೆ ಕಾಜಾದ ಬಂಕಿನಲ್ಲಿ ಇಂಧನ ಸಿಗುತ್ತದೆ.

12. ಹಿಂದಿರುಗುವ ನಿಯಮವನ್ನು ಬೆಂಗಳೂರಿನಲ್ಲೇ ಮಾಡಿ. ಮೇಲೆ ಹೋದ ಮೇಲೆ ಮಿದುಳೂ ದಣಿದಿರುತ್ತದೆ, ಅದರ ತೀರ್ಪನ್ನು ನಂಬಬೇಡಿ. ತಲೆನೋವಿನ ಜೊತೆ ವಾಕರಿಕೆ ಇದ್ದರೆ ಮೇಲೇರುವುದಿಲ್ಲ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ತಡವರಿಸುವ ಮಾತು ಕಂಡರೆ, ರಾತ್ರಿಯಾದರೂ ಸರಿ, ಸಿಕ್ಕ ವಾಹನದಲ್ಲಿ ಇಳಿಯುವುದೇ. ಜೊತೆಗಾರರಿದ್ದರೆ ಯಾರೊಬ್ಬರು ಬೇಡವೆಂದರೂ ಎಲ್ಲರೂ ನಿಲ್ಲಬೇಕು. ಲೋಸರ್‌ನಲ್ಲಿ ಆರೋಗ್ಯ ಕೆಟ್ಟವರು ಕುಂಜುಮ್ ದಾಟಿಬಿಟ್ಟರೆ ಆ ಕಡೆ ಇಳಿಜಾರು ಇದೆಯಲ್ಲ ಎಂದುಕೊಳ್ಳುವುದುಂಟು. ಅದಕ್ಕೆ ಮೊದಲು ಇನ್ನೂ 450 ಮೀಟರಿಗಿಂತ ಹೆಚ್ಚು ಹತ್ತಬೇಕು, ದಾಟಿದ ಮೇಲೆ ಸಿಗುವುದು ದಿನದ ಅತಿ ಕೆಟ್ಟ ರಸ್ತೆ. ಕೆಳಗಿರುವುದು ಕಾಜಾ, ಸರ್ಕಾರಿ ಆಸ್ಪತ್ರೆ ಇರುವುದೂ ಅಲ್ಲೇ. ಸೈಕಲ್ಲನ್ನು ಜೀಪಿನ ಮೇಲೆ ಹಾಕಿ ಆ ಕಡೆಗೇ ತಿರುಗಿ.