ಸಂಗೀತ ಪಾಠದ ಮರುದಿನ ಮನೆಯಲ್ಲಿ ಏನು ಮಾಡಬೇಕು?

ಮಕ್ಕಳನ್ನು ಸಂಗೀತ ಪಾಠಕ್ಕೆ ಬಿಟ್ಟು ಜಗಲಿಯಲ್ಲಿ ಕಾಯುವ ತಾಯಂದಿರು, ನಿವೃತ್ತಿಗೆ ಎರಡು ವರ್ಷ ಉಳಿದಿರುವ ನೌಕರರು, ಚಿಕ್ಕಂದಿನಲ್ಲಿ ಅವಕಾಶ ಸಿಗದವರು – ಹೀಗೆ ನಡುವಯಸ್ಸಿನಲ್ಲಿ ಕರ್ನಾಟಕ ಸಂಗೀತ ಕಲಿಯಲು ಸೇರುವವರು ಈಗ ಬಹಳ. ಅವರಲ್ಲಿ ಅನೇಕರು ಜಂಟಿ ವರಸೆ ಮುಟ್ಟುವ ಮೊದಲೇ ಬಿಟ್ಟುಬಿಡುತ್ತಾರೆ. ವಯಸ್ಸಾಯಿತು, ಕಂಠ ಸರಿಯಿಲ್ಲ ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಪಾಠ ನಡೆಯುತ್ತದೆ, ಉಳಿದ ಆರು ದಿನ ಮನೆಯಲ್ಲಿ ಹೇಗೆ ಸಾಧಕ ಮಾಡಬೇಕೆಂದು ಮಾತ್ರ ಯಾರೂ ಬಿಡಿಸಿ ಹೇಳಿರುವುದಿಲ್ಲ. ಕೈಬಿಡಲು ಬಹುಪಾಲು ಅದೇ ಕಾರಣ.

ಗುರುಗಳಿಲ್ಲದೆ ಮನೆಯ ಸಾಧಕವೂ ಆಗುವುದಿಲ್ಲ. ತನ್ನ ಅಪಶ್ರುತಿ ತನಗೆ ಕೇಳಿಸುವ ಮಟ್ಟಕ್ಕೆ ಕಿವಿ ಹದವಾಗಲು ಸಮಯ ಬೇಕು. ಅಲ್ಲಿಯವರೆಗೆ ಇನ್ನೊಬ್ಬರ ಕಿವಿಯೇ ಆಧಾರ.

ಮೊದಲು ಶ್ರುತಿ

ನಿಮ್ಮ ಶ್ರುತಿಯನ್ನು ಗುರುಗಳ ಎದುರೇ ಗೊತ್ತುಮಾಡಿಕೊಳ್ಳಿ. ಗಂಡಸರಿಗೆ ಸಾಮಾನ್ಯವಾಗಿ ಒಂದರಿಂದ ಎರಡು ಮನೆ, ಹೆಂಗಸರಿಗೆ ನಾಲ್ಕೂವರೆಯಿಂದ ಆರು ಮನೆ ಒಗ್ಗುತ್ತದೆ. ತಾರ ಷಡ್ಜಕ್ಕೆ ಕತ್ತಿನ ನರ ಬಿಗಿಯಬಾರದು, ಮಂದ್ರ ಪಂಚಮ ಗಂಟಲಲ್ಲೇ ಕರಗಿಹೋಗಬಾರದು. ಒಮ್ಮೆ ಗೊತ್ತಾದ ಶ್ರುತಿಯನ್ನು ದಿನಕ್ಕೊಂದರಂತೆ ಬದಲಿಸಬೇಡಿ. ಶ್ರುತಿ ಪೆಟ್ಟಿಗೆ ಕೊಳ್ಳಲೇಬೇಕೆಂದಿಲ್ಲ, ಮೊಬೈಲಿನ ತಂಬೂರಿ ಆ್ಯಪ್ ಸಾಕು. ಆದರೆ ಅದನ್ನು ಹಾಕದೆ ಒಂದು ಸ್ವರವನ್ನೂ ಹಾಡಬೇಡಿ. ಕೂತ ಕೂಡಲೇ ಹಾಡಲು ತೊಡಗದೆ ಎರಡು ನಿಮಿಷ ಬರೀ ಕೇಳಿ. ಆಮೇಲೆ ಷಡ್ಜ, ಪಂಚಮ, ತಾರ ಷಡ್ಜವನ್ನು ಉಸಿರು ತುಂಬಿ ನಿಲ್ಲಿಸಿ.

ಮಾಯಾಮಾಳವಗೌಳ ಎಲ್ಲಿ ಕೈಕೊಡುತ್ತದೆ

ಸರಳೆ ವರಸೆಯ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಪ್ರದಾಯದ ಮಾತು. ಪಾಠದ ರಾಗ 15ನೇ ಮೇಳಕರ್ತ ಮಾಯಾಮಾಳವಗೌಳ. ಇದರ ಸ ರಿ ಗ ಮ ನಡುವಿನ ಅಂತರಗಳೇ ಪ ದ ನಿ ಸ ನಡುವೆಯೂ ಬರುತ್ತವೆ, ಹಾಗಾಗಿ ಕೆಳಗಿನ ಅರ್ಧ ಪಕ್ಕಾ ಆದರೆ ಮೇಲಿನ ಅರ್ಧಕ್ಕೆ ದಾರಿ ಸಿಗುತ್ತದೆ. ತೊಡಕಿರುವುದೂ ಈ ಅಂತರಗಳಲ್ಲೇ. ಶುದ್ಧ ರಿಷಭ ಷಡ್ಜಕ್ಕೆ ಅಂಟಿಕೊಂಡಿರುತ್ತದೆ, ಅಲ್ಲಿಂದ ಅಂತರ ಗಾಂಧಾರಕ್ಕೆ ದೊಡ್ಡ ನೆಗೆತ, ಗಾಂಧಾರದ ಮಗ್ಗುಲಲ್ಲೇ ಮಧ್ಯಮ. ಹೊಸಬರ ರಿಷಭ ಮೇಲಕ್ಕೆ ಜಾರುತ್ತದೆ, ಅವರೋಹಣದಲ್ಲಿ ನಿಷಾದ ಕೆಳಗೆ ಕುಸಿಯುತ್ತದೆ.

ಇಂಥ ಜಾಗ ಸಿಕ್ಕಾಗ ಹೆಚ್ಚಿನವರು ವರಸೆಯನ್ನು ಮತ್ತೆ ಮೊದಲಿಂದ ಹಾಡುತ್ತಾರೆ. ಹತ್ತು ಸಲ ಹಾಡಿದರೆ ತಪ್ಪು ಹತ್ತು ಸಲ ಗಟ್ಟಿಯಾಗುತ್ತದೆ. ಹಾಗೆ ಮಾಡಬೇಡಿ. ‘ಮ ಗ ರಿ ಸ’ ಎನ್ನುವಾಗ ರಿಷಭ ಜಾರುತ್ತಿದ್ದರೆ ಅಲ್ಲೇ ನಿಲ್ಲಿ. ತಾಳ ಬಿಟ್ಟು, ತಂಬೂರಿಯ ಜೊತೆ ರಿಷಭವೊಂದನ್ನೇ ಉದ್ದವಾಗಿ ಹಿಡಿಯಿರಿ. ಆಮೇಲೆ ‘ರಿ ಸ’, ಆಮೇಲೆ ‘ಗ ರಿ ಸ’, ಆಮೇಲೆ ನಾಲ್ಕೂ ಸ್ವರ. ನಾಲ್ಕೈದು ಸಲ ಸರಿಯಾಗಿ ಬಂದ ಮೇಲಷ್ಟೇ ಪೂರ್ತಿ ವರಸೆಗೆ ಹೋಗಿ. ಇಡೀ ಸಾಧಕದಲ್ಲಿ ಅತಿ ಹೆಚ್ಚು ಫಲ ಕೊಡುವುದು ಈ ಕೆಲಸ, ಬೇಸರವೆಂದು ಎಲ್ಲರೂ ದಾಟಿಹೋಗುವುದೂ ಇದನ್ನೇ. 1993ರಲ್ಲಿ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಭ್ಯಾಸದ ಬಗ್ಗೆ ಅಧ್ಯಯನವೊಂದನ್ನು ಪ್ರಕಟಿಸಿದರು. ಜನರಿಗೆ ಅದರಿಂದ ನೆನಪುಳಿದದ್ದು ಹತ್ತು ಸಾವಿರ ಗಂಟೆಯ ಲೆಕ್ಕ. ಎರಿಕ್ಸನ್ ಒತ್ತಿ ಹೇಳುತ್ತಿದ್ದದ್ದು ಕೊರತೆಯನ್ನು ಗುರುತಿಸಿ, ಅದನ್ನೇ ಗುರಿಯಾಗಿಟ್ಟು ತಿದ್ದುವ ಅಭ್ಯಾಸದ ಬಗ್ಗೆ.

ತಾಳ, ಕಾಲ

ಆದಿತಾಳಕ್ಕೆ ಎಂಟು ಎಣಿಕೆ: ಒಂದು ಘಾತ, ಕಿರುಬೆರಳಿಂದ ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಘಾತ ಮತ್ತು ಬೀಸು. ಮೊದಲ ಕಾಲದಲ್ಲಿ ಎಣಿಕೆಗೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಕೈಯ ವೇಗ ಮೂರು ಕಾಲದಲ್ಲೂ ಒಂದೇ. ಹೊಸಬರು ಎರಡನೇ ಕಾಲಕ್ಕೆ ಬಂದಾಗ ಕೈಯನ್ನೂ ಓಡಿಸುತ್ತಾರೆ, ಅದು ತಮಗೆ ತಿಳಿಯುವುದೇ ಇಲ್ಲ. ಮೆಟ್ರೊನೋಮ್ ಆ್ಯಪಿನಲ್ಲಿ ನಿಮಿಷಕ್ಕೆ 50 ಎಣಿಕೆ ಇಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ. ಆ ವೇಗದಲ್ಲಿ ಮೂರನೇ ಕಾಲಕ್ಕೆ ನಿಮಿಷಕ್ಕೆ 200 ಸ್ವರ ಬೇಕು. ಅಷ್ಟು ಸ್ವರಗಳೂ ಬಿಡಿಬಿಡಿಯಾಗಿ ಕೇಳದಿದ್ದರೆ ಮೊದಲ ಕಾಲಕ್ಕೆ ಮರಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನೊಂದು ಪರೀಕ್ಷೆ ಆಕಾರ. ಸ್ವರದ ಹೆಸರು ಬಿಟ್ಟು, ಬಾಯಿ ತೆರೆದು, ಅದೇ ವರಸೆಯನ್ನು ‘ಆ’ ಎಂದು ಹಾಡಿ. ಸ, ರಿ, ಗ ಎಂಬ ಅಕ್ಷರಗಳ ಮರೆಯಲ್ಲಿದ್ದ ಅಪಸ್ವರವೆಲ್ಲ ಹೊರಬೀಳುತ್ತದೆ.

ಎಷ್ಟು ಹೊತ್ತು?

ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಹದಿನೈದು ನಿಮಿಷ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು, ಗಂಟಲಿಗೂ ನೆನಪಿಗೂ. ವಾರಕ್ಕೊಮ್ಮೆ ಧ್ವನಿಮುದ್ರಿಸಿಕೊಳ್ಳಿ, ಮರುದಿನ ಕೇಳಿ. ಹಾಡುವಾಗ ಗಮನಕ್ಕೆ ಬಾರದ್ದು ಆಗ ಕಿವಿಗೆ ಬೀಳುತ್ತದೆ. ಕೇಳಿದ ದೋಷಗಳಲ್ಲಿ ಒಂದನ್ನಷ್ಟೇ ಬರೆದಿಟ್ಟುಕೊಳ್ಳಿ, ಆ ವಾರದ ಕೆಲಸ ಅದು. ಹೊಸ ವರಸೆ ಬಂದಾಗ ಹಳೆಯದನ್ನು ಕೈಬಿಡದೆ ಕ್ರಮ ತಪ್ಪಿಸಿ ಹಾಡಿ: ಇವತ್ತು ಏಳು, ಎರಡು, ಐದು, ನಾಳೆ ಬೇರೆ. ನೋವಾದರೆ ನಿಲ್ಲಿಸಿ. ಎರಡು ಮೂರು ವಾರವಾದರೂ ಗಂಟಲು ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ.

ಮುಂದೆ ಜಂಟಿ ವರಸೆಯಲ್ಲಿ ಜೋಡಿಯ ಎರಡನೇ ಸ್ವರಕ್ಕೆ ಒತ್ತು ಕೊಡಬೇಕು. ಅಲಂಕಾರದಲ್ಲಿ ಏಳು ತಾಳ ಬರುತ್ತವೆ, ನಾಲ್ಕೆಣಿಕೆಯ ಏಕದಿಂದ ಹದಿನಾಲ್ಕರ ಧ್ರುವದವರೆಗೆ. ಆಮೇಲಿನ ಪಿಳ್ಳಾರಿ ಗೀತೆಗಳ ರಾಗ ಮಲಹರಿ ಮಾಯಾಮಾಳವಗೌಳದ ಜನ್ಯವೇ ಆದ್ದರಿಂದ ಸ್ವರಸ್ಥಾನ ಹೊಸದಲ್ಲ, ನಿಷಾದವೊಂದಿಲ್ಲ ಅಷ್ಟೆ. ಜೂನಿಯರ್ ಪರೀಕ್ಷೆಗೆ ಕಟ್ಟುವ ಆಸೆ ಇದ್ದರೆ ಅವಸರಪಡಬೇಡಿ. ಏಳೂ ಅಲಂಕಾರಗಳನ್ನು ಮೂರು ಕಾಲದಲ್ಲಿ, ತಾಳ ತಪ್ಪದೆ ಗುರುಗಳಿಗೆ ಒಪ್ಪಿಸಿ, ಆಮೇಲೆ ಅರ್ಜಿ ತುಂಬಿ.