ಯೇಸುವಿನ ಪಾಠ: ಬೋಧನೆ ಮತ್ತು ಸಿದ್ಧಾಂತ

ಕದ್ರಿ ಸುತ್ತಲಿನ ತರಗತಿಗಳಲ್ಲಿ ಹಿಂದೂ, ಮುಸ್ಲಿಂ ಮಕ್ಕಳೊಡನೆ ಕೆಥೋಲಿಕ್, ಪ್ರೊಟೆಸ್ಟಂಟ್ ಮಕ್ಕಳೂ ಕೂರುತ್ತಾರೆ. ಯೇಸುವಿನ ಪಾಠ ಮಾಡುವ ಪ್ರಶಿಕ್ಷಣಾರ್ಥಿಗೆ ಅವರ ನೀತಿಬೋಧನೆಗೂ ಧರ್ಮಸಭೆಯ ಸಿದ್ಧಾಂತಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಿರಬೇಕು.

ಬೋಧನೆ: ಮತ್ತಾಯನ ಸುವಾರ್ತೆಯ 5ರಿಂದ 7ನೇ ಅಧ್ಯಾಯಗಳ ಪರ್ವತ ಪ್ರಸಂಗ, ಲೂಕನ 10ನೇ ಅಧ್ಯಾಯದ ಸಮಾರ್ಯದವನ ಕಥೆ. ನೆರೆಯವನು ಯಾರೆಂದು ಕೇಳಿದವನಿಗೆ ಯೇಸು ವ್ಯಾಖ್ಯೆ ಕೊಡಲಿಲ್ಲ, ಕಥೆ ಹೇಳಿದರು. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಯಾಜಕನೂ ಲೇವಿಯನೂ ದಾಟಿಹೋದರು. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ಉಪಚರಿಸಿದ.

ಸಿದ್ಧಾಂತ: ತಂದೆ ಮತ್ತು ಮಗ ಒಂದೇ ತತ್ತ್ವದವರೆಂದು ಕ್ರಿ.ಶ. 325ರ ನೈಸಿಯಾ ಮಹಾಸಭೆ ಸಾರಿತು. ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರ ಕಾಲ್ಸಿಡನ್ ಮಹಾಸಭೆ ಸಾರಿತು.

ಎಚ್ಚರಿಕೆ: 'ಮೊದಲು ನೀತಿ, ಆಮೇಲೆ ನಂಬಿಕೆ' ಎಂದು ಕಪ್ಪುಹಲಗೆಯಲ್ಲಿ ಗೆರೆ ಎಳೆಯುವಂತಿಲ್ಲ. ಶಿಲುಬೆ, ಪುನರುತ್ಥಾನಗಳ ಬಗ್ಗೆ ಹೇಳುವ ಪೌಲನ ಪತ್ರಗಳು ಸುವಾರ್ತೆಗಳಿಗಿಂತ ಹಿಂದಿನವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಸ್ಥಳೀಯ ಉದಾಹರಣೆ: ಮಿಲಾಗ್ರಿಸ್ ಚರ್ಚು ಕೆಥೋಲಿಕರದು, ಬಲ್ಮಠದ ಶಾಂತಿ ಕೆಥೆಡ್ರಲ್ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪರಂಪರೆಯದು. ಪೋಪರ ಅಧಿಕಾರದ ವಿಷಯದಲ್ಲಿ ಭಿನ್ನಮತವಿದೆ. ಸಮಾರ್ಯದವನ ಕಥೆ ಎರಡೂ ಕಡೆ ಒಂದೇ.

ಮೌಲ್ಯಮಾಪನ: 'ಯಾವುದು ನಿಜ?' ಎಂದು ಕೇಳಬಾರದು. ಹಾಗೆ ಕೇಳಿದರೆ ಮಗು ತನ್ನ ಮನೆಯ ನಂಬಿಕೆಯನ್ನೇ ಕಟಕಟೆಯಲ್ಲಿ ನಿಲ್ಲಿಸಬೇಕಾಗುತ್ತದೆ. 'ಈ ಮಾತು ಎಲ್ಲಿದೆ? ಯಾರಿಗೆ ಹೇಳಿದ್ದು? ಏನು ಮಾಡು ಎನ್ನುತ್ತದೆ?' ಎಂದು ಕೇಳೋಣ. ಕೊನೆಗೆ, 'ಇವತ್ತು ನಾವು ಯಾರನ್ನು ದಾಟಿ ಹೋಗುತ್ತಿದ್ದೇವೆ?' ಇದಕ್ಕೆ ಉತ್ತರಿಸಲು ಯಾವ ಮಗುವೂ ತನ್ನ ಧರ್ಮ ಹೇಳಬೇಕಿಲ್ಲ.